ಸೋಮನ ಗಾಳ

ಹೊಳೆ ತಿರುಗುವ ಕಡೆ ಒಂದು ಆಶ್ರಮ. ಎರಡು ಗುಡಿಸಲು, ಒಂದು ಹೊಂಗೆಮರ, ಒಬ್ಬ ಮುದಿ ಗುರು.

ಮಳೆಗಾಲ ಮುಗಿದ ಮೇಲೆ ಕಾಳಿಂಗ ಎಂಬ ನೇಕಾರ ಅಲ್ಲಿಗೆ ಬಂದ. ಅವನ ಹಿರಿಯ ಮಗ ಸೋಮ ಆ ಮಳೆಗಾಲದ ಜ್ವರದಲ್ಲಿ ತೀರಿಕೊಂಡಿದ್ದ. ಮನೆಯಲ್ಲಿ ಹೆಂಡತಿ ಸಾಕವ್ವ ಇದ್ದಳು, ಕಿರಿಯ ಮಗಳು ಚೆನ್ನಿ ಇದ್ದಳು, ಮಗ್ಗದ ಮೇಲೆ ಅರ್ಧ ನೇಯ್ದ ಬಟ್ಟೆ ಇತ್ತು. ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಬಂದಿದ್ದ.

ಬಂದ ದಿನವೇ ಕಾವಿ ಕೇಳಿದ.

"ಯಾಕೆ?" ಎಂದರು ಗುರು.

"ಮೋಹ ಹೋಗಬೇಕು."

"ಯಾರ ಮೇಲಿನದು?"

ಮಗನ ಹೆಸರು ಹೇಳಲು ಕಾಳಿಂಗ ಬಾಯಿ ತೆರೆದ. ಹೆಸರು ಬರಲಿಲ್ಲ.

ಗುರು ಮೂಲೆಯಲ್ಲಿದ್ದ ಕೊಡಲಿ ತೋರಿಸಿದರು. "ಸೌದೆ ಒಡೆಯೋಕೆ ಬರುತ್ತಾ?" ಎಂದರು.

ಕಾಳಿಂಗ ಸೌದೆ ಒಡೆದ. ನೀರು ಹೊತ್ತ. ಅಂಗಳ ಗುಡಿಸಿದ. ಒಳ್ಳೆಯ ನೇಕಾರ ಮಾಡುವಂತೆ ಎಲ್ಲವನ್ನೂ ಒಂದೇ ಸಮನಾಗಿ, ಮಾತಿಲ್ಲದೆ ಮಾಡಿದ. ಮನೆಯಿಂದ ಯಾರಾದರೂ ನೋಡಲು ಬಂದರೆ ಹೊಳೆಯ ಕಡೆ ಇಳಿದುಹೋಗುತ್ತಿದ್ದ. ಬಂದವರು ರೊಟ್ಟಿಯ ಗಂಟು ಇಟ್ಟು ಹಿಂದಿರುಗುತ್ತಿದ್ದರು.

ಆಗಾಗ ಕಾವಿಯ ಮಾತು ತೆಗೆಯುತ್ತಿದ್ದ. ಗುರು ಮುಂದೂಡುತ್ತಿದ್ದರು.

"ಕಾವಿ ಬಟ್ಟೆಯಲ್ಲಿ ಕೊಳೆ ಕಾಣಲ್ಲ," ಎಂದರು ಒಮ್ಮೆ. "ನನ್ನಂಥ ಸೋಮಾರಿಗೆ ಅದು ಅನುಕೂಲ. ನಿನಗೇನು ಅವಸರ?"

ಕೊನೆಗೆ ಒಂದು ಬೆಳಿಗ್ಗೆ ಅವನು ತನ್ನ ಗಂಟಿನಿಂದ ಒಂದು ಬಿಳಿ ಬಟ್ಟೆ ತೆಗೆದು ಗುರುಗಳ ಮುಂದೆ ಇಟ್ಟ. ಅದನ್ನು ಅವನೇ ನೇಯ್ದಿದ್ದ.

"ಇದನ್ನು ಕಾವಿಮಣ್ಣಲ್ಲಿ ಅದ್ದಿ ಕೊಡಿ ಗುರುಗಳೇ. ಇನ್ನು ನಾನು ತಿರುಗಿ ಮನೆಗೆ ಹೋಗಲ್ಲ."

ಗುರು ಬಟ್ಟೆಯನ್ನು ಬೆರಳುಗಳ ನಡುವೆ ಹಿಡಿದು ನೋಡಿದರು. ಅಂಚನ್ನು ಸವರಿದರು.

"ಚೆನ್ನಾಗಿ ನೇಯ್ದಿದ್ದೀಯ. ಮಗ್ಗಕ್ಕೆ ಬಿಡುವು ಯಾವಾಗ?"

"ಅಮಾವಾಸ್ಯೆಗೆ. ಆ ದಿನ ಲಾಳಿ ಮುಟ್ಟಲ್ಲ."

"ಆ ದಿನ ಏನು ಮಾಡುತ್ತಿದ್ದೆ?"

ಇದನ್ನು ಯಾರೂ ಅವನನ್ನು ಕೇಳಿರಲಿಲ್ಲ. ಮಗ ಹೇಗೆ ಸತ್ತ, ಯಾವ ಔಷಧಿ ಕೊಟ್ಟಿರಿ ಎಂದು ಕೇಳಿದ್ದರು. ಕಾಳಿಂಗ ನೆಲ ನೋಡುತ್ತಾ ಹೇಳತೊಡಗಿದ.

ಅಮಾವಾಸ್ಯೆಯ ಬೆಳಿಗ್ಗೆ ನಾಲ್ವರೂ ಹೊಳೆಗೆ ಹೊರಡುತ್ತಿದ್ದರು. ಊರಿನಿಂದ ಮೇಲಕ್ಕೆ ಒಂದು ದೊಡ್ಡ ಬಂಡೆ ಇದೆ, ಅಲ್ಲಿಗೆ. ಅವನ ಎರಡು ಕೈಗಳಲ್ಲೂ ಗಾಳದ ಕೋಲು, ಬುಟ್ಟಿ. ಹಿಡಿಯಲು ಕೈ ಸಿಗದೆ ಚೆನ್ನಿ ಅವನ ಪಂಚೆಯ ಚುಂಗು ಹಿಡಿದು ನಡೆಯುತ್ತಿದ್ದಳು. ಸೋಮ ಮುಂದೆ ಓಡಿ ಎರೆಹುಳು ಅಗೆಯುತ್ತಿದ್ದ. ಬಂಡೆಯ ಮೇಲೆ ಎಲ್ಲರಿಗೂ ಅವರವರ ಜಾಗ ಇತ್ತು: ಮೇಲಿನ ತುದಿಯಲ್ಲಿ ಸೋಮ, ನಡುವೆ ಅವನು, ಕೆಳಗೆ ನೀರು ತೆಳುವಾದಲ್ಲಿ ಚೆನ್ನಿ. ಸಾಕವ್ವ ದಡದಲ್ಲಿ ಮೂರು ಕಲ್ಲು ಹೂಡಿ ಸಾರಿಗೆ ಇಡುತ್ತಿದ್ದಳು. ಮೀನು ಸಿಗುವ ಮುಂಚೆಯೇ ಹುಳಿ ಕಿವುಚುತ್ತಿದ್ದಳು. ಸಿಗದಿದ್ದರೆ ಏನು ಮಾಡ್ತೀಯ ಎಂದು ಸೋಮ ಕಾಡಿದರೆ, ನಿನ್ನನ್ನೇ ಹಾಕ್ತೀನಿ ಎನ್ನುತ್ತಿದ್ದಳು.

ಅವನು ಮಕ್ಕಳಿಗೆ ಕಲಿಸಿದ್ದು ಎರಡೇ ಮಾತು. ಅವನ ಅಪ್ಪನೂ ಅವೇ ಎರಡನ್ನು ಕಲಿಸಿದ್ದ. ದಾರಕ್ಕೆ ಕಟ್ಟಿದ ಬೆಂಡು ನೀರಲ್ಲಿ ಮುಳುಗಿದರೆ ಮೀನು ಕಚ್ಚಿದೆ ಎಂದು ಅರ್ಥ, ಆಗ ತಡ ಮಾಡದೆ ಎತ್ತಬೇಕು. ಇನ್ನೊಂದು, ಅವರವರ ಗಾಳವನ್ನು ಅವರವರೇ ಎತ್ತಬೇಕು. ಬೇರೆಯವರು ಎತ್ತಿದರೆ ಆ ಗಾಳಕ್ಕೆ ಮತ್ತೆ ಮೀನು ಬರುವುದಿಲ್ಲ.

ಒಂದು ಸಲ ಸೋಮ ಪೊದೆಯ ಹಿಂದೆ ಹೋಗಿದ್ದಾಗ ಅವನ ಬೆಂಡು ಮುಳುಗಿತ್ತು. ಚೆನ್ನಿ ಕೋಲಿನ ಸುತ್ತ ಕುಣಿದಳು, ಅಣ್ಣಾ ಅಣ್ಣಾ ಎಂದು ಕೂಗಿದಳು, ಆದರೆ ಮುಟ್ಟಲಿಲ್ಲ. ಸೋಮ ಚಡ್ಡಿ ಹಿಡಿದುಕೊಂಡು ಓಡಿಬರುವಷ್ಟರಲ್ಲಿ ಮೀನು ಹೋಗಿತ್ತು. ಎತ್ತಬಾರದಿತ್ತೇನೇ ಗೂಬೆ ಎಂದು ಅವನು ಬೈದ. ಅಪ್ಪ ಬೇಡ ಅಂದಿದ್ನಲ್ಲ ಎಂದು ಇವಳು ಅತ್ತಳು. ಕಾಳಿಂಗ ಅವಳನ್ನು ಹೊಗಳಿ, ತನ್ನ ಪಾಲಿನ ಮೀನು ಕೊಟ್ಟಿದ್ದ.

ಗುರು ನಕ್ಕರು. ಕಾಳಿಂಗನಿಗೂ ನಗು ಬಂತು. ಬಂದದ್ದು ತಿಳಿದ ಕೂಡಲೇ ನಿಂತಿತು.

"ನಾಳೆ ಅಮಾವಾಸ್ಯೆ," ಎಂದರು ಗುರು. "ಬಂಡೆಗೆ ಹೋಗಿ ಬಾ. ಇರುವವರನ್ನು ಕರೆದುಕೊಂಡು ಹೋಗು."

"ಕಾವಿ ಕೇಳಿದವನನ್ನು ಮೀನು ಹಿಡಿಯೋಕೆ ಕಳಿಸ್ತೀರಾ?"

"ಮೀನು ಹಿಡಿ ಅಂದೆನಾ? ಬಂಡೆಗೆ ಹೋಗು ಅಂದೆ. ಬಂದ ಮೇಲೆ ಬಟ್ಟೆ ಅದ್ದೋಣ."

ಕಾಳಿಂಗ ಹೋದ.

ಮಾರನೆಯ ದಿನ ಇಳಿಹೊತ್ತಿನಲ್ಲಿ ಹಿಂದಿರುಗಿದ. ಕೈಯಲ್ಲಿ ಒಂದು ಗಾಳದ ಕೋಲು ಇತ್ತು. ಅದರ ತುದಿಯಲ್ಲಿ ಹರಿದ ದಾರ ಜೋತಾಡುತ್ತಿತ್ತು. ಕೋಲನ್ನು ಗುಡಿಸಲಿನ ಗೋಡೆಗೆ ಒರಗಿಸಿದ.

"ಇದು ಸೋಮನದು. ಇನ್ನು ಇಲ್ಲೇ ಇರಲಿ. ಇದನ್ನು ಯಾರಿಗೂ ಕೊಡಬೇಡಿ."

"ಏನಾಯಿತು?"

"ಏನೂ ಆಗಲಿಲ್ಲ."

"ಆಗದೇ ಇದ್ದದ್ದನ್ನೇ ಹೇಳು."

ಅವನು ಹೇಳಿದ. ಮನೆಯ ಬಾಗಿಲಲ್ಲಿ ಅವನನ್ನು ಕಂಡದ್ದೇ ಸಾಕವ್ವ ಹುಣಸೆ, ಖಾರ, ಹಿಟ್ಟು ಕಟ್ಟಿಕೊಂಡು ಹೊರಟಳು. ಚೆನ್ನಿ ಚುಂಗು ಹಿಡಿದಳು. ಬಂಡೆಯ ಹತ್ತಿರ ಬಂದಾಗ ಅವಳು ಮೇಲಿನ ತುದಿಯ ಕಡೆ ಹೆಜ್ಜೆ ಇಟ್ಟಳು. ಕಾಳಿಂಗ ಅವಳ ತೋಳು ಹಿಡಿದು ಅವಳ ಜಾಗದಲ್ಲೇ ಕೂರಿಸಿದ. ಆಮೇಲೆ ಸೋಮನ ಕೋಲಿಗೆ ಎರೆ ಚುಚ್ಚಿದ, ಗಾಳವನ್ನು ನೀರಿಗೆ ಬಿಟ್ಟ, ಕೋಲಿನ ಬುಡವನ್ನು ಸೋಮ ಕೂರುತ್ತಿದ್ದಲ್ಲಿ ಬಂಡೆಯ ಬಿರುಕಿಗೆ ಸಿಕ್ಕಿಸಿದ.

ಬಹಳ ಹೊತ್ತು ಯಾರ ಗಾಳಕ್ಕೂ ಏನೂ ಬೀಳಲಿಲ್ಲ.

ಆಮೇಲೆ ಸೋಮನ ಬೆಂಡು ಮುಳುಗಿತು.

"ಮೊದಲು ನೋಡಿದ್ದು ಚೆನ್ನಿ," ಎಂದ ಕಾಳಿಂಗ. "ಅಪ್ಪ, ಬೆಂಡು ಅಂದಳು. ಎದ್ದು ನಿಂತಳು. ಅದು ನಿನ್ನದಲ್ಲ, ಕೂತ್ಕೋ ಅಂದೆ."

"ಹೂಂ."

"ಹಾಗಾದರೆ ನೀನೆತ್ತು ಅಂದಳು. ನನ್ನದೂ ಅಲ್ಲ ಅಂದೆ."

"ಮೀನು?" ಎಂದರು ಗುರು.

"ದೊಡ್ಡ ಮೀನು ಗುರುಗಳೇ. ಕೋಲು ನೀರಿಗೆ ಮುಟ್ಟುವಷ್ಟು ಬಗ್ಗಿತು. ಆ ಕಡೆ ಎಳೆಯಿತು, ಈ ಕಡೆ ಎಳೆಯಿತು. ಒಂದೆರಡು ಸಲ ಮೇಲೆ ಬಂದು ಹೊರಳಿತು. ಹೊಟ್ಟೆ ಬೆಳ್ಳಗೆ ಕಾಣಿಸಿತು. ಚೆನ್ನಿ ಅಳ್ತಾ ಇದ್ದಳು. ನಾನು ಅದನ್ನೇ ನೋಡುತ್ತಾ ಕೂತಿದ್ದೆ. ಕೊನೆಗೆ ದಾರ ಹರೀತು."

"ನಿನ್ನ ಹೆಂಡತಿ?"

"ಒಲೆಗೆ ನೀರು ಸುರಿದಳು."

ಬರುವಾಗ ಚೆನ್ನಿ ಚುಂಗು ಹಿಡಿಯಲಿಲ್ಲ ಎಂದೂ ಹೇಳಿದ. ಹಿಂದೆ ಎಲ್ಲೋ ಬರುತ್ತಿದ್ದಳಂತೆ. ಅವನು ತಿರುಗಿ ನೋಡಲಿಲ್ಲವಂತೆ.

ಗುರು ಗೋಡೆಯ ಕೋಲಿನ ಕಡೆ ನೋಡಿದರು. ಹರಿದ ದಾರ ಗಾಳಿಗೆ ಸ್ವಲ್ಪ ಸ್ವಲ್ಪ ಅಲುಗುತ್ತಿತ್ತು.

"ಗಾಳ ಎಲ್ಲಿ?"

"ಮೀನಿನ ಬಾಯಲ್ಲೇ ಹೋಯಿತು."

"ನೇಮ ಉಳಿಯಿತು ಅನ್ನು."

"ಉಳಿಯಿತು."

"ನಿಮ್ಮ ನೇಮ ಆ ಮೀನಿಗೆ ಗೊತ್ತಿತ್ತೋ ಇಲ್ಲವೋ."

ಕಾಳಿಂಗ ತಲೆ ತಗ್ಗಿಸಿದ. "ತಾವು ಹೇಳಿದಂತೆ ಹೋಗಿ ಬಂದೆ," ಎಂದ. "ಅಲ್ಲಿ ನನಗೆ ಏನೂ ಉಳಿದಿಲ್ಲ. ಇನ್ನು ಬಟ್ಟೆ ಅದ್ದಿ."

"ಬೆಳಗಾಗಲಿ," ಎಂದರು ಗುರು.

ಬೆಳಿಗ್ಗೆ ಅವರೇ ಎದ್ದು ಮಡಕೆಯಲ್ಲಿ ಕಾವಿಮಣ್ಣು ಕದಡಿದರು. ಬಿಳಿ ಬಟ್ಟೆಯನ್ನು ಮೊದಲು ಹೊಳೆಯಲ್ಲಿ ನೆನೆಸಿ ತಾ, ನೀರು ಹಿಂಡಿದ ಮೇಲೆ ಬಣ್ಣಕ್ಕೆ ಹಾಕಬೇಕು ಎಂದರು. ಕಾಳಿಂಗ ನೆನೆಸಿ ತಂದ. ನೀರು ಕುಡಿದ ಬಟ್ಟೆ ಭಾರವಾಗಿತ್ತು. ಅದನ್ನು ಇಬ್ಬರು ಎರಡು ಕಡೆ ಹಿಡಿದು ತಿರುಚಬೇಕು.

"ನನ್ನ ಮಣಿಕಟ್ಟು ಸರಿಯಿಲ್ಲ," ಎಂದರು ಗುರು. "ಇನ್ನೊಂದು ತುದಿಗೆ ಯಾರನ್ನಾದರೂ ಕರೆ."

"ಇಲ್ಲಿ ಯಾರಿದ್ದಾರೆ?"

"ಹಾಗಾದರೆ ಹಿಡಿದುಕೊಂಡು ನಿಂತಿರು."

ಅವನು ನಿಂತಿದ್ದ. ಬಟ್ಟೆಯ ಒಂದು ತುದಿ ಅವನ ಕೈಯಲ್ಲಿತ್ತು. ಇನ್ನೊಂದು ನೆಲಕ್ಕೆ ತಾಗದಂತೆ ಹೊಂಗೆಯ ಗಿಡ್ಡ ಕೊಂಬೆಯ ಮೇಲಿತ್ತು. ನೀರು ತೊಟ್ಟಿಕ್ಕುತ್ತಿತ್ತು.

ಆಗ ಹೊಳೆದಾರಿಯಲ್ಲಿ ಸಾಕವ್ವ ಬಂದಳು, ಅವಳ ಹಿಂದೆ ಚೆನ್ನಿ. ಎರಡು ಕೈಯಲ್ಲೂ ಬಟ್ಟೆ ಇದ್ದುದರಿಂದ ಕಾಳಿಂಗನಿಗೆ ಈ ಸಲ ಎಲ್ಲಿಗೂ ಇಳಿದುಹೋಗಲಾಗಲಿಲ್ಲ.

ಸಾಕವ್ವ ಗಂಡನ ಕಡೆ ನೋಡಲಿಲ್ಲ. ಗುರುಗಳಿಗೆ ಕೈ ಮುಗಿದಳು.

"ನಿಲ್ಲೋಕೆ ಬಂದಿಲ್ಲ ಸ್ವಾಮಿ," ಎಂದಳು. "ಒಂದು ಮಾತು ಕೇಳಿ ಹೋಗ್ತೀನಿ. ಈ ಮಗು ಬಂಡೆಯಿಂದ ಬಂದಾಗಿನಿಂದ ಅನ್ನ ಮುಟ್ಟಿಲ್ಲ. ಗಾಳ ಬಾಯಲ್ಲಿ ಸಿಕ್ಕಿಕೊಂಡಿದ್ರೆ ಮೀನು ಹೇಗೆ ಉಣ್ಣುತ್ತೆ ಅಂತ ಕೇಳ್ತಾಳೆ. ನನಗೆ ಗೊತ್ತಿಲ್ಲ. ಅವಳಿಗೆ ಗಾಳ ಹಿಡಿಯೋದು ಕಲಿಸಿದವರು ಇಲ್ಲಿದ್ದಾರೆ. ಅವರು ಹೇಳಲಿ."

ಕಾಳಿಂಗ ಬಟ್ಟೆ ನೋಡುತ್ತಾ ನಿಂತಿದ್ದ.

"ನಿಮ್ಮಪ್ಪನನ್ನು ಕೇಳು," ಎಂದು ಸಾಕವ್ವ ಮಗಳಿಗೆ ಹೇಳಿದಳು. "ಬಣ್ಣ ಹತ್ತೋಕೆ ಮುಂಚೆ ಕೇಳು. ಆಮೇಲೆ ಅಪ್ಪ ಅನ್ನಬಾರದಂತೆ."

ಚೆನ್ನಿ ಕೇಳಲಿಲ್ಲ. ಗೋಡೆಗೆ ಒರಗಿದ್ದ ಅಣ್ಣನ ಕೋಲನ್ನು ನೋಡಿದಳು. ಅದರ ಹತ್ತಿರ ಹೋದಳು. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಅದರ ಮುಂದೆ ನಿಂತಳು. ಮುಟ್ಟಲಿಲ್ಲ.

"ಕೋಲು ಬೇಕಾ ಮಗಾ?" ಎಂದರು ಗುರು.

ಅವಳು ತಲೆ ಅಲ್ಲಾಡಿಸಿದಳು. "ಅದು ನನ್ನದಲ್ಲ ತಾತ," ಎಂದಳು. ಅವಳ ಅಪ್ಪ ಬಂಡೆಯ ಮೇಲೆ ಹೇಳಿದ್ದ ಧಾಟಿಯಲ್ಲೇ ಹೇಳಿದಳು.

ಕಾಳಿಂಗ ಕೈಯಲ್ಲಿದ್ದ ತುದಿಯನ್ನು ಎದೆಗೆ ಎಳೆದುಕೊಂಡ. ಬಟ್ಟೆಯಿಂದ ನೀರು ಸುರಿಯಿತು.

ಕೊಂಬೆಯ ಮೇಲಿದ್ದ ತುದಿ ಜಾರಿತು. ಚೆನ್ನಿ ಓಡಿಬಂದು ಅದು ನೆಲಕ್ಕೆ ಬೀಳುವ ಮೊದಲೇ ಹಿಡಿದಳು. ನೇಕಾರರ ಮನೆಯ ಮಗಳು, ನೇಯ್ದ ಬಟ್ಟೆಯನ್ನು ಮಣ್ಣಿಗೆ ಬಿಡುವವಳಲ್ಲ. ಹಿಡಿದವಳು ಅದನ್ನು ತನ್ನ ಮುಷ್ಟಿಗೆ ಒಂದು ಸುತ್ತು ಸುತ್ತಿಕೊಂಡಳು, ಬಂಡೆಯ ದಾರಿಯುದ್ದಕ್ಕೂ ಅಪ್ಪನ ಚುಂಗನ್ನು ಸುತ್ತಿಕೊಳ್ಳುತ್ತಿದ್ದಂತೆ.

ಅವರಿಬ್ಬರ ನಡುವೆ ಬಟ್ಟೆ ಬಿಗಿಯಾಯಿತು.

ಅವಳು ಒಮ್ಮೆ ಎಳೆದಳು. ಅಪ್ಪ ತಿರುಚುತ್ತಾನೆ ಎಂದು ಕಾದಳು. ಅವನು ತಿರುಚಲಿಲ್ಲ.

ಮತ್ತೊಮ್ಮೆ ಎಳೆದಳು.

ಕಾಳಿಂಗ ತುದಿಯನ್ನು ಹಿಡಿದೇ ಇದ್ದ. ಎಳೆಯಲೂ ಇಲ್ಲ, ಬಿಡಲೂ ಇಲ್ಲ. ಕಣ್ಣು ಎತ್ತಲೂ ಇಲ್ಲ. ಮಡಕೆಯಲ್ಲಿ ಕದಡಿದ ಕಾವಿ ನಿಧಾನವಾಗಿ ತಳಕ್ಕೆ ಇಳಿಯುತ್ತಿತ್ತು.

ಚೆನ್ನಿ ಎಳೆಯುತ್ತಿದ್ದ ಬಟ್ಟೆಯನ್ನು ನೋಡುತ್ತಾ ಗುರು ಮಡಕೆಯ ಪಕ್ಕದಿಂದ ಎದ್ದರು. ಸೋಮನ ಕೋಲನ್ನು ಗೋಡೆಯಿಂದ ತೆಗೆದು ಕಾಳಿಂಗನ ಕಾಲ ಬಳಿ ಇಟ್ಟರು.

"ಬೆಂಡು ಮುಳುಗಿ ಬಹಳ ಹೊತ್ತಾಯಿತು, ಕಾಳಿಂಗ," ಎಂದರು.