ಗಿಳಿಗಳ ದಾಖಲೆ

ಆಲದ ಮರದ ಪೊಟರೆ ಕೈ ಬದಲಾಗಬೇಕಾದರೆ ಒಡೆಯನೇ 'ಕೊಟ್ಟೆ' ಎನ್ನಬೇಕು. ಯಾರು ಯಾರಿಗೆ ಕೊಟ್ಟರೆಂಬುದನ್ನು ನೂರು ಗಿಳಿಗಳು ಬಾಯಿಪಾಠ ಮಾಡಿ ದಿನವೂ ಒಪ್ಪಿಸುತ್ತಿದ್ದವು. ಕಲಿತದ್ದನ್ನು ಎಂದೂ ತಿದ್ದುತ್ತಿರಲಿಲ್ಲ.

"ಗಿಳಿಗಳಿರುವಾಗ ನ್ಯಾಯಾಧೀಶ ಆಮೆಯಜ್ಜನ ಕಾನೂನು ಯಾರಿಗೆ ಬೇಕು?" ಎಂದು ಪೊಟರೆಯ ಒಡೆಯನಾದ ಅಳಿಲು ಬೀಗುತ್ತಿತ್ತು.

ಒಂದು ದಿನ ಕೋತಿ ಅಳಿಲಿನ ಕುತ್ತಿಗೆ ಹಿಸುಕಿ 'ಕೊಟ್ಟೆ' ಎನ್ನಿಸಿತು.

"ಅಳಿಲು ಕೊಟ್ಟಿತು, ಕೋತಿ ಪಡೆಯಿತು" ಎಂದವು ಗಿಳಿಗಳು.

ಅಳಿಲು ಆಮೆಯ ಬಳಿಗೆ ಓಡಿತು.

"ಹೆದರಿಸಿ ಆಡಿಸಿದ ಮಾತು ಮಾತೇ ಅಲ್ಲ. ಪೊಟರೆ ನಿನ್ನದೇ, ಮಗು" ಎಂದು ಆಮೆ ತೀರ್ಪು ಕೊಟ್ಟಿತು.

"ಆಗಲಿ, ಈಗಿನ ಒಡೆಯ ಕೋತಿ 'ಕೊಟ್ಟೆ' ಎನ್ನಲಿ" ಎಂದವು ಗಿಳಿಗಳು.

ಕೋತಿ ಪೊಟರೆಯೊಳಗೆ ಕೈಯಿಟ್ಟುಕೊಂಡು ಸುಮ್ಮನೆ ನಕ್ಕಿತು.

ಗೆದ್ದ ಅಳಿಲು ಬರಿಯ ಕೊಂಬೆಯ ಮೇಲೆ ಕುಳಿತಿತು. ಬೆಳಗಾದರೆ ನೂರು ಬಾಯಿಗಳು 'ಅಳಿಲು ಕೊಟ್ಟಿತು' ಎಂದು ಅದರ ಹೆಸರು ಹೇಳುತ್ತಿದ್ದವು. ಯಾಕೆ ಕೊಟ್ಟೆ ಎಂದು ಒಂದು ಬಾಯಿಯೂ ಕೇಳಲಿಲ್ಲ.