ಹದಿನೈದು ದಿನದ ಮಂಕರಿ

"ಹೊಸಬ ಹೊರಟುಹೋಗುತ್ತೇನೆ ಎನ್ನುತ್ತಿದ್ದಾನೆ, ಗುರುಗಳೇ. ಬಂದು ಇನ್ನೂ ಇಪ್ಪತ್ತು ದಿನವಾಗಿಲ್ಲ. ತಾಳ್ಮೆಯಿಲ್ಲದವನು. ಹೋಗಲಿ ಎಂದು ಬಿಟ್ಟುಬಿಡಲೇ?"

ಕೇಳಿದವನು ಗವಿಯಪ್ಪ, ಮಠದ ಹಿರಿಯ ಶಿಷ್ಯ. ಅಡುಗೆಮನೆಯೂ ಊಟದ ಪಂಕ್ತಿಯೂ ಅವನ ಉಸ್ತುವಾರಿಯಲ್ಲಿದ್ದವು.

ಗುರು "ಕೂತುಕೋ" ಎಂದರು. ಅವನು ಕೂತ. ಅವರು ಹೇಳತೊಡಗಿದರು.

ಒಬ್ಬ ರೈತನ ಹೆಂಡತಿ ಇದ್ದಳು. ಕೋಳಿ ಸಾಕುವುದರಲ್ಲಿ ಅವಳನ್ನು ಮೀರಿಸುವವರು ಆ ಊರಲ್ಲಿ ಇರಲಿಲ್ಲ. ಹಿತ್ತಲಿನಲ್ಲಿ ಹನ್ನೊಂದು ಹೇಂಟೆ, ಒಂದು ಹುಂಜ. ಯಾವುದು ಮೊದಲು ತಿನ್ನಬೇಕು, ಯಾವುದು ಯಾವುದಕ್ಕೆ ದಾರಿ ಬಿಡಬೇಕು ಎಂಬುದನ್ನು ಆ ಕೋಳಿಗಳೇ ತೀರ್ಮಾನ ಮಾಡಿಕೊಂಡಿದ್ದವು.

ಮಗನಿಗೆ ಮದುವೆಯಾಯಿತು. ಸೊಸೆ ಮನೆಗೆ ಬಂದ ದಿನ ತವರಿನಿಂದ ಒಂದು ಬುಟ್ಟಿಯಲ್ಲಿ ಐದು ಎಳೆಯ ಕೋಳಿ ತಂದಳು. ಅವಳೇ ಸಾಕಿದವು. ಬಂದವಳೇ ಅವನ್ನು ಹಿತ್ತಲಿಗೆ ಬಿಡಲು ಹೋದಳು.

"ಬಿಡಬೇಡ ಕಣೇ" ಎಂದಳು ಅತ್ತೆ. "ಗುರುತಿಲ್ಲದ್ದು ಕಂಡರೆ ಹಳೇವು ಕುಕ್ಕಿ ಕುಕ್ಕಿ ಕೊಲ್ತಾವೆ. ಮೊದಲು ಮುಖ ನೋಡಿಕೊಳ್ಳಲಿ."

ಬಿದಿರಿನ ದೊಡ್ಡ ಮಂಕರಿ ತಂದು ಹಿತ್ತಲಿನ ನಡುವೆ ಐದರ ಮೇಲೂ ಕವುಚಿದಳು. ಹಳೆಯ ಕೋಳಿಗಳು ಸುತ್ತ ನೆರೆದು ಮಂಕರಿಯನ್ನೇ ಕುಕ್ಕಿದವು. ಅವಳು ಓಡಿಸಲಿಲ್ಲ. ಮಂಕರಿಯ ಅಂಚಿಗೆ ಒಳಗೂ ಹೊರಗೂ ರಾಗಿ ಚೆಲ್ಲಿದಳು. ದಿನವೂ ಹಾಗೆಯೇ ಮಾಡಿದಳು. ಐದನೆಯ ದಿನಕ್ಕೆ ಹಳೆಯವು ಕುಕ್ಕುವುದನ್ನು ಬಿಟ್ಟವು. ಹತ್ತನೆಯ ದಿನಕ್ಕೆ ಬಿದಿರಿನ ಸೀಳಿನ ಆಚೆ ಈಚೆ ಒಟ್ಟಿಗೇ ನಿಂತು ತಿನ್ನತೊಡಗಿದವು.

ಹೊಸ ಸೊಸೆಯ ಕೈಯಡುಗೆಯನ್ನು ಮೊದಲ ದಿನವೇ ನೋಡುವುದು ಆ ಮನೆಯ ವಾಡಿಕೆ. ಉಪ್ಪಿನ ಮಡಕೆ ಎಲ್ಲಿದೆ ಎಂದು ತಿಳಿಯುವ ಮೊದಲೇ ಅವಳು ಹದಿನಾಲ್ಕು ಮಂದಿಗೆ ಮುದ್ದೆ ಕಟ್ಟಬೇಕಾಯಿತು. ಮುದ್ದೆಯಲ್ಲಿ ಗಂಟು ಉಳಿಯಿತು. ಅತ್ತೆ ಅದನ್ನು ಮುರಿದು ಎಲ್ಲರಿಗೂ ತೋರಿಸಿದಳು.

"ನಿಮ್ಮವ್ವ ನಿನಗೆ ಕೋಳಿ ಸಾಕೋದೊಂದೇ ಕಲಿಸಿದ್ದಾ?"

ಎಲ್ಲರೂ ನಕ್ಕರು. ಮರುದಿನ ನಾದಿನಿ ಅದೇ ಮಾತು ಆಡಿದಳು. ಅದರ ಮರುದಿನ ಮೈದುನ. ಸೊಸೆ ಎಲ್ಲರೂ ಉಂಡ ಮೇಲೆ ಬಾಗಿಲ ಹಿಂದೆ ಕೂತು ಉಳಿದದ್ದನ್ನು ಉಣ್ಣುತ್ತಿದ್ದಳು. ಕೆಲವು ದಿನ ಏನೂ ಉಳಿಯುತ್ತಿರಲಿಲ್ಲ. ಗಂಡನಿಗೆ ಹೇಳಿದಳು. "ಹೊಂದಿಕೊಂಡು ಹೋಗು" ಎಂದ.

ಹದಿನೈದನೆಯ ದಿನ, ಕೋಳಿಗಳು ಗೂಡು ಸೇರುವ ಹೊತ್ತಿಗೆ ಅತ್ತೆ ಮಂಕರಿ ಎತ್ತಿದಳು. ಐದನ್ನೂ ಒಂದೊಂದಾಗಿ ಎತ್ತಿ ಹಳೆಯವುಗಳ ಪಕ್ಕ ಕೂರಿಸಿದಳು. ಬೆಳಿಗ್ಗೆ ಕಾಳನ್ನು ಒಂದೇ ಕಡೆ ಹಾಕಲಿಲ್ಲ, ಮೂರು ಕಡೆ ಹಾಕಿದಳು. ಹೆದರಿದ್ದು ಅಡಗಿಕೊಳ್ಳಲಿ ಎಂದು ಒಂದು ಮುರುಕು ಹಲಗೆಯನ್ನು ಗೋಡೆಗೆ ಒರಗಿಸಿಟ್ಟಳು. ಒಂದು ಮುದಿ ಹೇಂಟೆ ಎಳೆಯದೊಂದನ್ನು ಎರಡು ಸಲ ಕುಕ್ಕಿತು. ಎಳೆಯದು ಹಲಗೆಯ ಹಿಂದೆ ಹೋಯಿತು, ಸ್ವಲ್ಪ ಹೊತ್ತಿಗೆ ಹೊರಗೆ ಬಂದು ತಿಂದಿತು. ಅಷ್ಟಕ್ಕೆ ಮುಗಿಯಿತು.

ಅತ್ತೆ ಪಕ್ಕದ ಮನೆಯವಳನ್ನು ಕರೆದು ತೋರಿಸಿದಳು. "ಐದಕ್ಕೆ ಐದೂ ಉಳಿದಾವೆ. ಒಂದಕ್ಕೂ ಗಾಯ ಇಲ್ಲ, ನೋಡು."

"ನಿನ್ನ ಕೈಗುಣ ಬಿಡಮ್ಮ" ಎಂದಳು ಅವಳು.

ಸೊಸೆ ಮೂಲೆಯಲ್ಲಿದ್ದ ಮಂಕರಿಯನ್ನು ಎಳೆದು ತಂದಳು. ಅತ್ತೆಯ ಮುಂದೆ ಇಟ್ಟಳು. ಅದರ ಪಕ್ಕ ನೆಲದ ಮೇಲೆ ಕೂತಳು.

"ಇದನ್ನ ನನ್ನ ಮೇಲೂ ಕವುಚಿ, ಅತ್ತೆ. ಹದಿನೈದು ದಿನ ಸಾಕು."

ಪಕ್ಕದ ಮನೆಯವಳು ನಕ್ಕುಬಿಟ್ಟಳು. ಅತ್ತೆಗೆ ಸಿಟ್ಟು ಬಂತು. "ಏಳೇ ಮೇಲೆ. ನೆರೆಯವರ ಮುಂದೆ ಮಾನ ಕಳೀತಾಳೆ."

ಸೊಸೆ ಎದ್ದಳು. ಒಳಗೆ ಹೋಗಿ ಬಟ್ಟೆ ಗಂಟು ಕಟ್ಟಿದಳು. ತವರಿನಿಂದ ತಂದಿದ್ದ ಬುಟ್ಟಿ ಹಿಡಿದು ಹಿತ್ತಲಿಗೆ ಬಂದಳು. ತವರಿನಲ್ಲಿ ಕರೆಯುತ್ತಿದ್ದ ಹಾಗೆಯೇ ತನ್ನ ಕೋಳಿಗಳನ್ನು ಕರೆದಳು. ಒಂದು ಕೋಳಿ ತಲೆಯೆತ್ತಿ ನೋಡಿತು. ಮತ್ತೆ ಬಗ್ಗಿ ಹಳೆಯವುಗಳ ಜೊತೆ ಕಾಳು ಹೆಕ್ಕತೊಡಗಿತು. ಉಳಿದ ನಾಲ್ಕು ನೋಡಲೂ ಇಲ್ಲ. ಅವು ಆ ಮನೆಯವಾಗಿದ್ದವು.

ಅವಳು ಖಾಲಿ ಬುಟ್ಟಿ ಹಿಡಿದು ಹೋದಳು.

ಗುರು ಅಲ್ಲಿಗೆ ನಿಲ್ಲಿಸಿದರು. ಗವಿಯಪ್ಪ ಕಾದ.

"ಆಮೇಲೆ ತಿರುಗಿ ಬಂದಳೇ, ಗುರುಗಳೇ?"

"ಇವತ್ತು ಪಂಕ್ತಿಯಲ್ಲಿ ಹೊಸಬನ ಎಲೆ ಎಲ್ಲಿ ಹಾಕಿದ್ದೆ, ಗವಿಯಪ್ಪ?"

"ಬಾಗಿಲ ಹಿಂದೆ" ಎಂದು ಗವಿಯಪ್ಪ ಎದ್ದು ಹೊಸಬನನ್ನು ಹುಡುಕಿಕೊಂಡು ಹೊರಟ.