‘ಇಲ್ಲ’ ಅನ್ನದ ಶೆಟ್ಟರ ಅಂಗಡಿ

ಒಂದೂರಂತೆ. ಆ ಊರಿಗೆ ಒಂದು ಬಾವಿ, ಒಂದು ಬಸವನ ಗುಡಿ, ಒಂದು ಅಂಗಡಿ. ಯಾವೂರು ಅಂತ ಕೇಳಬೇಡಿ. ನಮ್ಮಜ್ಜಿ ಹೇಳಲಿಲ್ಲ, ಕೇಳಿದರೆ ಕತೆ ನಿಲ್ಲಿಸಿಬಿಡುತ್ತಾಳೆ ಅಂತ ನಾನೂ ಕೇಳಲಿಲ್ಲ.

ಅಂಗಡಿ ಬೈರಶೆಟ್ಟಿಯದು. ಅಂಗಡಿ ಅಂದರೆ ಏನು ಮಹಾ, ಎರಡು ಮೂಟೆ ಉಪ್ಪು, ಒಂದು ಗಡಿಗೆ ಎಣ್ಣೆ, ಒಂದು ತಕ್ಕಡಿ. ಮುಂದೆ ಅಂಗಡಿ, ಹಿಂದೆ ಸಂಸಾರ, ಎರಡಕ್ಕೂ ಸೇರಿ ಒಂದೇ ಹೊಸ್ತಿಲು. ಕೊಳ್ಳುವವರು ಜಗುಲಿ ಮೇಲೆ ನಿಲ್ಲಬೇಕು, ಶೆಟ್ಟಿ ಹೊಸ್ತಿಲ ಒಳಗೆ ಕೂತು ತೂಗಬೇಕು. ಹಂಗಿತ್ತಂತೆ ಪದ್ಧತಿ.

ಒಂದು ದಿನ ಒಬ್ಬ ಮುತ್ತೈದೆ ಬಂದು ಉಪ್ಪು ಕೇಳಿದಳಂತೆ. ಅವತ್ತು ಮೂಟೆಗಳೆಲ್ಲ ಬರಿದು. ಒಳಗೆ ಅಂಬಲಿಗೆ ಅಂತ ಹೆಂಡತಿ ಇಟ್ಟಿದ್ದ ಒಂದು ಹಿಡಿ ಉಪ್ಪು ಮಾತ್ರ ಇತ್ತು. ಬಾಗಿಲಿಗೆ ಬಂದ ಹೆಣ್ಣುಮಗಳನ್ನು ಬರಿಗೈಲಿ ಕಳಿಸೋಕೆ ಶೆಟ್ಟಿಗೆ ಮನಸ್ಸು ಬರಲಿಲ್ಲ. ಆ ಹಿಡಿಯನ್ನೇ ತಂದು ಕೊಟ್ಟ. ಅವಳು ನಕ್ಕಳು.

“ನಾನು ಲಕ್ಷ್ಮಿ ಕಣಪ್ಪ. ನಿನ್ನ ಅಂಗಡಿ ಮೂಲೇಲಿ ಕೂತಿರ್ತೀನಿ. ಒಂದು ಮಾತು ಮಾತ್ರ ನನಗೆ ಆಗಿಬರಲ್ಲ. ಈ ಹೊಸ್ತಿಲ ಒಳಗೆ ‘ಇಲ್ಲ’ ಅಂದವರು, ಮನೆಯವರೇ ಆಗಲಿ, ಬಂದವರೇ ಆಗಲಿ, ದೇವರೇ ಆಗಲಿ, ಉಟ್ಟ ಬಟ್ಟೇಲಿ ಹೊರಗೆ ನಡೀಬೇಕು. ತಿರುಗಿ ಕಾಲಿಡೋ ಹಾಗಿಲ್ಲ.”

ಇಷ್ಟನ್ನೂ ಜಗುಲಿ ಮೇಲೆ ನಿಂತೇ ಹೇಳಿ, ಆಮೇಲೆ ಒಳಗೆ ಬಂದಳಂತೆ. ಅವಳಿಗೂ ಭಯ ನೋಡಿ. ನಾನು ಆ ಮಾತನ್ನ ಧಾರಾಳವಾಗಿ ಆಡ್ತೀನಿ, ನಾನೇನು ಶೆಟ್ಟರ ಅಂಗಡಿಯೊಳಗೆ ಕೂತಿಲ್ಲವಲ್ಲ.

ಅಲ್ಲಿಂದ ಶುರುವಾಯಿತು ಆ ಮನೆಯ ಮಾತಿನ ವರಸೆ. ಬೆಲ್ಲ ಮುಗಿದಿದ್ದರೆ “ಬೆಲ್ಲ ದಾರೀಲಿದೆ.” ಎಣ್ಣೆ ಮುಗಿದಿದ್ದರೆ “ಎಣ್ಣೆ ಗಾಣದಲ್ಲಿದೆ.” ಸ್ನಾನ ಆಯಿತಾ ಅಂದರೆ “ನೀರು ಕಾಯ್ತಾ ಇದೆ.” ಅಂಗಡಿ ಬೆಳೆಯಿತು, ಎರಡು ಮೂಟೆ ಇಪ್ಪತ್ತಾಯಿತು.

ಲಕ್ಷ್ಮಿಗೆ ಒಬ್ಬಳು ಅಕ್ಕ ಇದ್ದಾಳಲ್ಲ, ಮೂದೇವಿ, ದರಿದ್ರ ಹೊತ್ತು ತಿರುಗೋಳು, ಅವಳಿಗೆ ಹೊಟ್ಟೆ ಉರಿಯಿತು. ತಂಗಿಗೆ ಮೂಲೆ ಸಿಕ್ಕಿದೆ, ತನಗೆ ಮಾತ್ರ ಊರೂರು ಅಲೆದಾಟ. ಶೆಟ್ಟಿಯ ಬಾಯಿಂದ ಆ ಮಾತು ಹೊರಡಿಸಿದರೆ ಅವನ ಸಂಸಾರ ಬೀದಿಗೆ, ತಾನು ಒಳಗೆ. ಹರಕು ಚೀಲ ಹಿಡಿದು ಮುದುಕಿಯ ವೇಷದಲ್ಲಿ ಬಂದಳಂತೆ. ಮೂರು ದಿನ ಜಗುಲಿ ಮೇಲೆ ನಿಂತು ಅಂಗಡಿಯಲ್ಲಿ ಏನು ಮುಗಿದಿದೆಯೋ ಅದನ್ನೇ ಹುಡುಕಿ ಹುಡುಕಿ ಕೇಳಿದಳು. ಎಲ್ಲವೂ ದಾರೀಲಿತ್ತು. ಕಾಲು ನೋವು ಬಂದು ಹೊರಟುಹೋದಳು.

ಬೈರಶೆಟ್ಟಿ ಹೋದ, ಮಗ ಚೌಡಶೆಟ್ಟಿ ಬಂದ. ಅವನು ಅಪ್ಪನಿಗಿಂತ ಒಂದು ಕೈ ಮೇಲು. ಮೂದೇವಿ ಮತ್ತೆ ಬಂದು, ಆನೆ ಮೊಟ್ಟೆ ಇದೆಯಾ ಅಂದಳಂತೆ. ಆನೆ ಕಾವು ಕೂತಿದೆ ಅಂದ. ಕಪ್ಪೆ ಕೊಂಬು? ಮೊಳೀತಾ ಇದೆ. ಬೋಳುತಲೆಯವನ ಜಡೆ? ಹೆಣೀತಾ ಇದ್ದಾರೆ. ಮೂದೇವಿ ಹರಕು ಚೀಲ ಕೊಡವಿಕೊಂಡು ಹೊರಟುಹೋದಳು.

ಆದರೆ ಚೌಡಶೆಟ್ಟಿಗೂ ಒಂದು ಕೊರಗು ಇತ್ತು. ಅವನ ಮಗ ಕರಿಶೆಟ್ಟಿ ಹಸುವಿನಂಥವನು. ಕೇಳಿದ್ದಕ್ಕೆ ನೇರ ಉತ್ತರ ಕೊಡೋನು, ವರಸೆ ಅರಿಯದೋನು. ಎಷ್ಟೋ ಸಲ ‘ಇ’ ಅನ್ನೋವರೆಗೂ ಬಂದು ಅಪ್ಪನ ಕೈಯಿಂದ ತಲೆಗೆ ಮೊಟಕಿಸಿಕೊಂಡಿದ್ದನಂತೆ. ಇವನಿಗೆ ತಕ್ಕ ಹೆಣ್ಣು ತರಬೇಕು ಅಂತ ಚೌಡಶೆಟ್ಟಿ ಏಳೂರು ತಿರುಗಿದ. ಹೋದ ಕಡೆ ರೂಪ ನೋಡಲಿಲ್ಲ, ಒಡವೆ ಕೇಳಲಿಲ್ಲ. ಹಾಕಿದ ಮಜ್ಜಿಗೆಯನ್ನೆಲ್ಲ ಕುಡಿದು ಮುಗಿಸಿ, ಇನ್ನೂ ಇದೆಯೇನಮ್ಮ ಅಂತ ಕೇಳುತ್ತಿದ್ದ. ಆರೂರ ಹುಡುಗಿಯರು ಪಾಪ ಇದ್ದದ್ದು ಇದ್ದಂಗೆ ಹೇಳಿಬಿಟ್ಟರು. ಏಳನೇ ಊರಲ್ಲಿ ಚೆನ್ನಾಜಿ ಅನ್ನೋಳು, “ಹಸು ಮೇಯೋಕೆ ಹೋಗಿದೆ, ಕೂತಿರಿ ಮಾವ” ಅಂದಳಂತೆ. ಶೆಟ್ಟಿ ಅಲ್ಲೇ ತಾಂಬೂಲ ಬದಲಾಯಿಸಿಕೊಂಡ.

ಚೌಡಶೆಟ್ಟಿಯೂ ಹೋದ. ಕರಿಶೆಟ್ಟಿ ತಕ್ಕಡಿ ಮುಂದೆ ಕೂತ. ಮೂದೇವಿ ಕಾಯುತ್ತಿದ್ದದ್ದೇ ಇದಕ್ಕೆ. ಈ ಸಲ ಅವಳು ಸಾಮಾನು ಕೇಳಲಿಲ್ಲ. ಮೊದಲು ಮೂರು ದಿನ ಬಾವಿ ಕಟ್ಟೆ ಮೇಲೆ ಕೂತು ನೀರಿಗೆ ಬಂದ ಹೆಂಗಸರ ಕಿವಿ ಊದಿದಳು. ನಿಮ್ಮ ಶೆಟ್ಟರ ತಕ್ಕಡಿ ಸರಿಯಿದೆಯಾ, ಮೂರು ತಲೆಮಾರಿಂದ ಹೆಂಗೆ ಉಬ್ಬಿದರು, ಯಾವತ್ತಾದರೂ ಕೇಳಿದ್ದೀರಾ ಅಂದಳು. ನಾಲ್ಕನೇ ದಿನ ಬೆಳಿಗ್ಗೆ ಊರೆಲ್ಲ ಅಂಗಡಿ ಮುಂದೆ. ಗೌಡರೂ ಬಂದರು. ಮುದುಕಿ ಜಗುಲಿ ಹತ್ತಿ ನಿಂತಳು.

“ಶೆಟ್ಟಿ, ನಿನ್ನ ತಕ್ಕಡೀಲಿ ಮೋಸ ಇದೆಯೇನಪ್ಪ?”

ನೋಡಿ ಅವಳ ಬುದ್ಧಿ. ಇದೆ ಅಂದರೆ ಮಾನ ಹೋಯಿತು. ಆ ಇನ್ನೊಂದು ಮಾತು ಅಂದರೆ ಮನೆ ಹೋಯಿತು. ದಾರೀಲಿದೆ ಅಂದರೂ ಮಾನವೇ ಹೋಯಿತು. ಮೂರು ತಲೆಮಾರಲ್ಲಿ ಒಂದು ಕಾಳು ಕಡಿಮೆ ತೂಗಿದ ಮನೆಯಲ್ಲ ಅದು. ಕರಿಶೆಟ್ಟಿಗೆ ಕಣ್ಣಲ್ಲಿ ನೀರೇ ಬಂತು. ಮನೆ ಹೋದರೆ ಹೋಗಲಿ, ಅಪ್ಪ ಅಜ್ಜನ ಹೆಸರು ಉಳಿಯಲಿ ಅಂತ ಬಾಯಿ ತೆಗೆದ. ‘ಇ’ ಅಂದ. ಅಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ನಿಂಬೆಗಾತ್ರದ ಬೆಲ್ಲದ ಉಂಡೆಯನ್ನು ಅವನ ಬಾಯಿಗೆ ತುರುಕಿತು. ಚೆನ್ನಾಜಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ನಮ್ಮ ಯಜಮಾನರ ಬಾಯಲ್ಲಿ ಬೆಲ್ಲ ಇದೆ ಅಜ್ಜಿ, ನಾನು ಹೇಳ್ತೀನಿ ಕೇಳು. ನಮ್ಮ ತಕ್ಕಡಿಗೆ ನಾವೇ ಸಾಕ್ಷಿ ನುಡಿದರೆ ಯಾರು ನಂಬ್ತಾರೆ? ನೀನೇ ಒಳಗೆ ಬಾ. ನಿನ್ನ ಕೈಯಾರೆ ತೂಗಿ ನೋಡಿ, ಕಂಡಿದ್ದನ್ನ ಊರಿಗೆಲ್ಲ ಕೇಳೋ ಹಾಗೆ ಹೇಳು.”

ಒಳಗೆ ಬಾ. ಮೂರು ತಲೆಮಾರು ಜಗುಲಿ ಮೇಲೆ ನಿಂತು ಕಾಲು ಸವೆಸಿದವಳಿಗೆ ಯಾರೂ ಹಂಗೆ ಅಂದಿರಲಿಲ್ಲ. ಮೂದೇವಿ ಹಿಗ್ಗಿ ಹೀರೇಕಾಯಿಯಾಗಿ ಹೊಸ್ತಿಲು ದಾಟಿದಳಂತೆ.

ಉಪ್ಪು ತೂಗಿದಳು, ಸರಿ ಇತ್ತು. ಬೇಳೆ ತೂಗಿದಳು, ಸರಿ ಇತ್ತು. ತಟ್ಟೆ ಅದಲುಬದಲು ಮಾಡಿದಳು, ಆಗಲೂ ಸರಿ. ಗೌಡರ ಮನೆಯಿಂದ ತೂಕದ ಕಲ್ಲು ತರಿಸಿದಳು, ಮುಳ್ಳು ಕದಲಲಿಲ್ಲ. ಒಂದು ಸಲ ಮೆಲ್ಲಗೆ ತಟ್ಟೆ ಮೇಲೆ ಉಸಿರು ಊದಿದಳಂತೆ. ಗೌಡರು ನೋಡಿ, ಅಜ್ಜಿ ಬಾಯಿ ಮುಚ್ಚಿಕೊಂಡು ತೂಗು ಅಂದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೂ ಇಪ್ಪತ್ತು ಮೂಟೆ ಎತ್ತಿ ಇಳಿಸಿ ಮುದುಕಿಯ ಸೊಂಟ ಬಿದ್ದುಹೋಯಿತು. ಬಿಸಿಲಲ್ಲಿ ನಿಂತಿದ್ದ ಊರವರಿಗೂ ರೇಗಿತು. ಗೌಡರು ಗದರಿದರು.

“ಏನಜ್ಜಿ, ಮೋಸ ಇದೆಯೋ ಹೆಂಗೆ? ಬೇಗ ಹೇಳು, ಮುದ್ದೆ ಆರ್ತಾ ಇದೆ.”

“ಇಲ್ಲ ಕಣಯ್ಯ, ಗುಲಗಂಜಿಯಷ್ಟೂ ಇಲ್ಲ,” ಅಂದಳು ಮೂದೇವಿ, ಸೊಂಟ ಹಿಡಿದುಕೊಂಡು.

ಅಂದಮೇಲೆ ಗೊತ್ತಾಯಿತು. ಚೆನ್ನಾಜಿ ಹರಕು ಚೀಲ ಎತ್ತಿ ಅವಳ ಕೈಗೆ ಕೊಟ್ಟು, ಹೊಸ್ತಿಲ ಕಡೆ ಕೈ ತೋರಿಸಿದಳು.

“ಎರಡು ಸಲ ಅಂದೆ ಅಜ್ಜಿ. ಒಂದೇ ಸಾಕಾಗಿತ್ತು.”

ಮೂಲೆಯಲ್ಲಿ ಯಾರೋ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕಂಗಾಯಿತಂತೆ. ಮೂದೇವಿ ಉಟ್ಟ ಬಟ್ಟೆಯಲ್ಲಿ ಹೊರಟವಳು ಆ ಬೀದಿಗೆ ತಿರುಗಿ ಕಾಲಿಡಲಿಲ್ಲ. ಕರಿಶೆಟ್ಟಿ ಆಗಷ್ಟೇ ಬೆಲ್ಲ ಚೀಪಿ ಮುಗಿಸಿ, ಏನಾಯಿತು ಅಂತ ಹೆಂಡತಿಯನ್ನು ಕೇಳಿದ. ಒಳ್ಳೆಯದೇ ಆಯಿತು, ಇನ್ನೊಂದು ಉಂಡೆ ತಿನ್ನಿ ಅಂದಳು.

ಅವರ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಇವತ್ತಿಗೂ ಅದೇ ಹೊಸ್ತಿಲ ಒಳಗೆ ಕೂತು ತೂಗುತ್ತಾರಂತೆ. ಮೊನ್ನೆ ನಾನೇ ಹೋಗಿ ಹೊಗೆಸೊಪ್ಪು ಕೇಳಿದೆ, ದಾರೀಲಿದೆ ಅಂದರು. ಆ ದಾರಿ ಎಷ್ಟು ಉದ್ದವೋ ಕಾಣೆ. ಅವರ ತಕ್ಕಡಿ ಅಲ್ಲಿ ನೆಟ್ಟಗಿರಲಿ, ನಮ್ಮ ಸಾರಿಗೆ ಇಲ್ಲಿ ಉಪ್ಪಿರಲಿ.